ಊರವರೇ ಕಟ್ಟುವ ಮಕ್ಕಳ ರಕ್ಷಣಾ ಗುಂಪು: ಮೊದಲ ಸಭೆಯಿಂದ ಮೊದಲ ದೂರಿನ ಆಚೆಗೆ

ಮಕ್ಕಳ ರಕ್ಷಣೆಗೆಂದು ಹುಟ್ಟುವ ಗುಂಪುಗಳಲ್ಲಿ ಬಹಳಷ್ಟು ಏನೋ ಒಂದು ನಡೆಯಬಾರದ್ದು ನಡೆದುಹೋದ ಮೇಲೆ ಹುಟ್ಟುತ್ತವೆ. ಮೊದಲ ಸಭೆಗೆ ಜನವೋ ಜನ, ಎಲ್ಲರ ಮುಖದಲ್ಲೂ ಸಿಟ್ಟು. ಮೂರನೇ ಸಭೆಯ ಹೊತ್ತಿಗೆ ಕುರ್ಚಿಗಳು ಖಾಲಿ. ನಾನು ಇಂಥ ಎರಡು ಗುಂಪುಗಳಲ್ಲಿ ಕೂತಿದ್ದೇನೆ. ಒಂದು ಆರೇ ತಿಂಗಳಲ್ಲಿ ಮುಳುಗಿತು, ಇನ್ನೊಂದು ಕುಂಟುತ್ತಲಾದರೂ ನಡೆಯುತ್ತಿದೆ. ಮುಳುಗಿದ ಗುಂಪಿನಲ್ಲಿ ಪತ್ತೇದಾರರಿದ್ದರು, ನ್ಯಾಯಾಧೀಶರಿದ್ದರು, ಭಾಷಣಕಾರರಿದ್ದರು. ಮಗುವಿನ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರುವವರು ಮಾತ್ರ ಯಾರೂ ಇರಲಿಲ್ಲ.

ಆದ್ದರಿಂದ ಕೆಲಸಕ್ಕೆ ಇಳಿಯುವ ಮೊದಲೇ ಇದನ್ನು ಗಟ್ಟಿ ಮಾಡಿಕೊಳ್ಳಿ. ತನಿಖೆ ನಿಮ್ಮ ಕೆಲಸವಲ್ಲ, ತೀರ್ಪು ನಿಮ್ಮದಲ್ಲ, ರಾಜಿ ಮಾಡಿಸುವುದಂತೂ ಅಲ್ಲವೇ ಅಲ್ಲ. ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಕೈಗೆ ತಲುಪಿಸುವುದು, ತಲುಪಿಸಿದ ಮೇಲೂ ಜೊತೆಗಿರುವುದು ಇಷ್ಟು ನಿಮ್ಮ ಪಾಲಿನದು. ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ.

ಹಂತ 1: ಯಾವುದನ್ನು ದೌರ್ಜನ್ಯ ಅನ್ನುತ್ತೀರಿ ಎಂದು ಒಪ್ಪಂದಕ್ಕೆ ಬನ್ನಿ

ಮೊದಲ ಸಭೆಯಲ್ಲಿ ಲೈಂಗಿಕ ದೌರ್ಜನ್ಯದ ಬಗ್ಗೆ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಚರ್ಚೆ ಸಿಕ್ಕಿಕೊಳ್ಳುವುದು ಇನ್ನೊಂದು ಕಡೆ. "ಎರಡೇಟು ಹಾಕಿದರೆ ಏನೀಗ? ನಾವೆಲ್ಲ ಏಟು ತಿಂದೇ ಬೆಳೆದವರಲ್ಲವೇ?" ಎಂದು ಒಬ್ಬರು ಕೇಳುತ್ತಾರೆ, ಅರ್ಧ ಸಭೆ ತಲೆದೂಗುತ್ತದೆ. ಇದನ್ನು ತಳ್ಳಿಹಾಕಿ ಮುಂದೆ ಹೋಗಬೇಡಿ, ಇಡೀ ಒಂದು ಸಂಜೆ ಹೋದರೂ ಹೋಗಲಿ. ಸ್ವೀಡನ್ 1979ರಲ್ಲಿ, ತಂದೆತಾಯಿ ಮನೆಯೊಳಗೆ ಮಕ್ಕಳಿಗೆ ಹೊಡೆಯುವುದನ್ನೂ ಕಾನೂನಿನಿಂದ ನಿಷೇಧಿಸಿದ ಮೊದಲ ದೇಶವಾಯಿತು. ಕಾನೂನು ಬಂದ ಕೂಡಲೇ ಅಲ್ಲಿ ಅಪ್ಪಅಮ್ಮಂದಿರನ್ನೆಲ್ಲ ಜೈಲಿಗೆ ತುಂಬಲಿಲ್ಲ. ಹೊಸ ಕಾನೂನಿನ ವಿಷಯವನ್ನು ಹಾಲಿನ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿದರು. ಉದ್ದೇಶ ಶಿಕ್ಷಿಸುವುದಲ್ಲ, ರೂಢಿ ಬದಲಿಸುವುದು. ನಿಮ್ಮ ಸಭೆಗೂ ಅದೇ ದಾರಿ. "ಹೊಡೆದವರ ಪಟ್ಟಿ ಮಾಡಲು ನಾವು ಬಂದಿಲ್ಲ" ಎಂದು ಮೊದಲೇ ಹೇಳಿಬಿಟ್ಟರೆ ಜನ ಬಾಯಿ ಬಿಡುತ್ತಾರೆ.

ಚೌಕಟ್ಟಿಗೆ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಸಾಕು. 1989ರ ನವೆಂಬರ್ 20ರಂದು ಅಂಗೀಕಾರವಾದ ಇದರಲ್ಲಿ 54 ವಿಧಿಗಳಿವೆ. ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಎಲ್ಲವನ್ನೂ ಓದಿಸಲು ಹೋಗಿ ಜನರನ್ನು ಓಡಿಸಬೇಡಿ. ಮೂರು ವಿಧಿ ಓದಿ: ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು (12), ಎಲ್ಲ ಬಗೆಯ ಹಿಂಸೆ, ನಿಂದನೆ, ನಿರ್ಲಕ್ಷ್ಯದಿಂದ ರಕ್ಷಣೆ (19), ದುಡಿಮೆಯ ಶೋಷಣೆಯಿಂದ ರಕ್ಷಣೆ (32). ನಿರ್ಲಕ್ಷ್ಯವೂ ಈ ಪಟ್ಟಿಯಲ್ಲಿದೆ ಎಂಬುದನ್ನು ಒತ್ತಿ ಹೇಳಿ. ಜ್ವರ ಬಂದ ಮಗುವನ್ನು ವಾರಗಟ್ಟಲೆ ಡಾಕ್ಟರಿಗೆ ತೋರಿಸದಿರುವುದು ಯಾರ ಕಣ್ಣಿಗೂ ದೌರ್ಜನ್ಯವಾಗಿ ಕಾಣುವುದಿಲ್ಲ.

ಇನ್ನೊಂದು ತಪ್ಪುಕಲ್ಪನೆಯನ್ನೂ ಇಲ್ಲೇ ಮುರಿಯಬೇಕು. ಅಪರಿಚಿತರು, ಚಾಕೊಲೇಟ್, ಬಿಳಿ ವ್ಯಾನು ಎನ್ನುವ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು ಶೇ. 53.22. ತಪ್ಪು ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ, ಮಗು ನಂಬಿದ್ದವರೇ. ಇದನ್ನು ಒಪ್ಪಿಕೊಂಡ ಗುಂಪು ಗೇಟಿಗೆ ಕಾವಲು ಹಾಕಿ ಸುಮ್ಮನಾಗುವುದಿಲ್ಲ, ಗೇಟಿನ ಒಳಗೂ ನೋಡುತ್ತದೆ. ಗಂಡುಮಕ್ಕಳಿಗೆ ಏನೂ ಆಗುವುದಿಲ್ಲ ಎನ್ನುವವರಿಗೂ ಅದೇ ಅಧ್ಯಯನ ಉತ್ತರ ಕೊಡುತ್ತದೆ. ಹೌದೆಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು.

ಹಂತ 2: ಯಾರು ಇರಬೇಕು, ಯಾರು ಬೇಡ

ಏಳರಿಂದ ಒಂಬತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಗುಟ್ಟು ನಿಲ್ಲುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ. ಒಬ್ಬ ಶಿಕ್ಷಕಿ, ಒಬ್ಬ ಆರೋಗ್ಯ ಕಾರ್ಯಕರ್ತೆ, ಕಾಲೇಜು ವಯಸ್ಸಿನ ಒಬ್ಬಿಬ್ಬರು, ಅಂಗವಿಕಲ ಮಗುವಿನ ತಾಯಿ ಅಥವಾ ತಂದೆ, ಹೊರಗಿನಿಂದ ದುಡಿಯಲು ಬಂದ ಕುಟುಂಬಗಳಿಂದ ಒಬ್ಬರು. ಕೊನೆಯ ಇಬ್ಬರನ್ನು ಹುಡುಕಲು ತಡವಾದರೂ ಕಾಯಿರಿ. ಸಭೆಗಳಿಗೆ ತಾವಾಗಿ ಬರದ ಮನೆಗಳ ಮಕ್ಕಳೇ ಹೆಚ್ಚು ಅಪಾಯದಲ್ಲಿರುತ್ತಾರೆ.

ಊರಿನಲ್ಲಿ ದೊಡ್ಡ ದನಿಯವರನ್ನು ಅಧ್ಯಕ್ಷರನ್ನಾಗಿ ಮಾಡುವ ಆಸೆ ಬರುತ್ತದೆ. ಮುಳುಗಿದ ಗುಂಪಿನಲ್ಲಿ ನಾವು ಮಾಡಿದ್ದು ಅದನ್ನೇ. ಮೊದಲ ದೂರು ಬಂದದ್ದು ಆ ಮನುಷ್ಯನ ನೆಂಟರ ಮೇಲೆ. ಆಮೇಲೆ ಗುಂಪಿನ ಕಥೆ ಅಲ್ಲಿಗೇ ಮುಗಿಯಿತು. ಈಗಿನ ಗುಂಪಿನಲ್ಲಿ ಅಧ್ಯಕ್ಷರೇ ಇಲ್ಲ, ಮೂರು ತಿಂಗಳಿಗೊಮ್ಮೆ ಬದಲಾಗುವ ಸಂಚಾಲಕರಿದ್ದಾರೆ.

ಮಕ್ಕಳ ಬಳಿ ಸುಳಿಯಲು ದಾರಿ ಹುಡುಕುವವರಿಗೆ ನಿಮ್ಮ ಗುಂಪೇ ಒಂದು ದಾರಿಯಾಗಬಹುದು. ಕಹಿಯಾದರೂ ಇದು ನಿಜ. ಆದ್ದರಿಂದ ಸೇರುವ ಪ್ರತಿಯೊಬ್ಬರ ಬಗ್ಗೆ, ಅವರು ಹಿಂದೆ ಕೆಲಸ ಮಾಡಿದ ಕಡೆ ಇಬ್ಬರನ್ನಾದರೂ ವಿಚಾರಿಸಿ. ಒಂದು ಪುಟದ ನಡವಳಿಕೆ ನಿಯಮಕ್ಕೆ ಎಲ್ಲರೂ ಸಹಿ ಹಾಕಲಿ: ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರುವುದಿಲ್ಲ, ಮಗುವಿಗೆ ಗುಟ್ಟಾಗಿ ಮೆಸೇಜ್ ಕಳಿಸುವುದಿಲ್ಲ, ಒಬ್ಬ ಮಗುವಿಗೆ ಮಾತ್ರ ಉಡುಗೊರೆ ಕೊಡುವುದಿಲ್ಲ, ಸ್ವಂತ ಫೋನಿನಲ್ಲಿ ಮಕ್ಕಳ ಫೋಟೊ ಇಟ್ಟುಕೊಳ್ಳುವುದಿಲ್ಲ. ಸದಸ್ಯರ ಮೇಲೆಯೇ ಮಾತು ಬಂದರೆ ಆ ದಿನವೇ ಅವರು ಹೊರಗಿರಬೇಕು, ದೂರು ಹೊರಗಿನ ಅಧಿಕಾರಿಗೆ ಹೋಗಬೇಕು ಎಂಬುದನ್ನೂ ಬರೆದಿಡಿ. ಸಹಿ ಹಾಕುವಾಗ "ನನ್ನ ಮೇಲೇ ಅನುಮಾನವಾ?" ಎಂದು ಸಿಡುಕುವವರು ಸಿಗುತ್ತಾರೆ. ಎಲ್ಲರಿಗೂ ಒಂದೇ ನಿಯಮ ಎನ್ನಿ. ಆಮೇಲೂ ಹಾಕದಿದ್ದರೆ ಒಂದು ನಮಸ್ಕಾರ ಹೇಳಿ ಕಳಿಸಿಕೊಡಿ.

ಹಂತ 3: ನಕ್ಷೆ ಮಕ್ಕಳೇ ಬರೆಯಲಿ

ಅಪಾಯದ ಜಾಗಗಳು ಯಾವುವು ಎಂದು ದೊಡ್ಡವರನ್ನು ಕೇಳಿದರೆ ಹೆದ್ದಾರಿ, ಕೆರೆ, ಪಾಳುಮನೆ ಎನ್ನುತ್ತಾರೆ. ನಾವು ಹಾಗೆಯೇ ಒಂದು ನಕ್ಷೆ ಮಾಡಿದ್ದೆವು. ಆಮೇಲೆ ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳನ್ನು ಕೂರಿಸಿ, ದೊಡ್ಡ ಹಾಳೆಯಲ್ಲಿ ತಾವು ದಿನಾ ಓಡಾಡುವ ದಾರಿ ಬರೆಯಲು ಹೇಳಿದೆವು. ಖುಷಿಯ ಜಾಗಕ್ಕೆ ಹಸಿರು ಬಿಂದಿ, ಹೋಗಲು ಇಷ್ಟವಿಲ್ಲದ ಜಾಗಕ್ಕೆ ಕೆಂಪು ಬಿಂದಿ. ಕೆರೆಗೆ ಹಸಿರು ಬಿತ್ತು! ಕೆಂಪು ಬಿದ್ದದ್ದು ಟ್ಯೂಶನ್‌ಗೆ ಹೋಗುವ ಮೆಟ್ಟಿಲ ತಿರುವಿಗೆ, ಆಟೋದ ಮುಂದಿನ ಸೀಟಿಗೆ, ಶಾಲೆಯ ಹಿಂದಿನ ಶೌಚಾಲಯಕ್ಕೆ. ಒಬ್ಬ ಹುಡುಗಿ ಮೆಟ್ಟಿಲ ತಿರುವಿಗೆ ಒಂದಲ್ಲ, ಐದು ಬಿಂದಿ ಅಂಟಿಸಿದಳು, ಒಂದರ ಮೇಲೊಂದು, ಬೆರಳಿನಿಂದ ಒತ್ತಿ ಒತ್ತಿ. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು.

ಈ ಮಾತು ಮುಖ್ಯ. ಹತ್ತು ಮಕ್ಕಳ ನಡುವೆ "ನಿನಗೇನಾದರೂ ಆಗಿದೆಯಾ?" ಎಂದು ಒಂದು ಮಗುವನ್ನು ಕೇಳುವುದೂ ಹಿಂಸೆಯೇ. ನಕ್ಷೆ ಜಾಗಗಳ ಬಗ್ಗೆ ಇರಲಿ, ವ್ಯಕ್ತಿಗಳ ಬಗ್ಗೆ ಬೇಡ. ಹುಡುಗಿಯರಿಗೂ ಹುಡುಗರಿಗೂ ಬೇರೆಬೇರೆ ಹಾಳೆ ಕೊಡಿ, ಎರಡು ನಕ್ಷೆಗಳೂ ಒಂದೇ ಊರಿನವು ಎಂದು ನಂಬುವುದೇ ಕಷ್ಟವಾಗುತ್ತದೆ. ಮುಗಿದ ಮೇಲೆ ಗುಂಪಿನ ಒಬ್ಬ ಹೆಂಗಸು ಅಲ್ಲೇ ಬಯಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಆದರೆ ಮಾತು ಕೇಳಿಸದಷ್ಟು ದೂರದಲ್ಲಿ, ಅರ್ಧ ಗಂಟೆ ಸುಮ್ಮನೆ ಕೂತಿರಲಿ. ಹೇಳುವುದಿದ್ದವರು ತಾವೇ ಹತ್ತಿರ ಬರುತ್ತಾರೆ. ಆ ದಿನವೇ ಬರುತ್ತಾರೆಂದಲ್ಲ. ನಮ್ಮಲ್ಲಿ ಮೂರು ವಾರದ ಮೇಲೆ ಬಂದವರಿದ್ದಾರೆ.

ನಕ್ಷೆ ಸಿಕ್ಕ ಮೇಲೆ ಸಣ್ಣ ಕೆಲಸಗಳನ್ನು ಕೂಡಲೇ ಮಾಡಿ. ತಿರುವಿಗೆ ಒಂದು ಬಲ್ಬು, ಟ್ಯೂಶನ್ ಕೋಣೆಯ ಬಾಗಿಲಿಗೆ ಗಾಜು, ಶೌಚಾಲಯಕ್ಕೆ ಒಳಚಿಲಕ, ಆಟೋದಲ್ಲಿ ಕೊನೆಗೆ ಇಳಿಯುವ ಮಗು ಒಂಟಿಯಾಗದಂತೆ ದಾರಿ ಬದಲಾವಣೆ. ತಾವು ಹೇಳಿದ್ದರಿಂದ ಏನೋ ಬದಲಾಯಿತು ಎಂದು ಮಕ್ಕಳು ಕಣ್ಣಾರೆ ನೋಡಬೇಕು. ಮಕ್ಕಳ ಭಾಗವಹಿಸುವಿಕೆಯನ್ನು ರೋಜರ್ ಹಾರ್ಟ್ ಎಂಬ ಸಂಶೋಧಕರು 1992ರಲ್ಲಿ ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಮೂರು ಮೆಟ್ಟಿಲನ್ನು ಅವರು ಭಾಗವಹಿಸುವಿಕೆ ಎಂದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ವೇದಿಕೆಯ ಮೇಲೆ ಮಗುವಿನ ಕೈಗೆ ಮೈಕು ಕೊಟ್ಟು, ದೊಡ್ಡವರು ಬರೆದದ್ದನ್ನು ಓದಿಸುವುದು ಆ ಜಾತಿಯದು.

ಹಂತ 4: ಒಂದು ಪುಟದ ಕಾಗದ

ದೂರು ಬಂದ ಗಳಿಗೆಯಲ್ಲಿ ತಲೆ ಓಡುವುದಿಲ್ಲ, ಕೈ ನಡುಗುತ್ತದೆ. ಆಗ ನೋಡಲು ಒಂದು ಪುಟ ಸಿದ್ಧವಿರಲಿ: ಮಕ್ಕಳ ಸಹಾಯವಾಣಿ, ಪೊಲೀಸ್, ರಾತ್ರಿಯೂ ತೆರೆದಿರುವ ಆಸ್ಪತ್ರೆ, ಮಕ್ಕಳ ಕಲ್ಯಾಣ ಸಮಿತಿ (ರಕ್ಷಣೆ ಬೇಕಾದ ಮಕ್ಕಳ ವಿಷಯ ನೋಡಿಕೊಳ್ಳುವ ಜಿಲ್ಲಾ ಮಟ್ಟದ ಸಮಿತಿ), ಉಚಿತ ಕಾನೂನು ನೆರವು, ಆಪ್ತ ಸಮಾಲೋಚಕರು. ಭಾರತದಲ್ಲಾದರೆ ಮಕ್ಕಳ ಸಹಾಯವಾಣಿ 1098, ಹಗಲುರಾತ್ರಿ, ಕರೆಗೆ ದುಡ್ಡಿಲ್ಲ. ತುರ್ತು ಪೊಲೀಸ್ ನೆರವಿಗೆ 112. ಬೇರೆ ದೇಶಗಳಲ್ಲಿ ಇಂಥದ್ದೇ ಬೇರೆ ಸಂಖ್ಯೆಗಳಿವೆ, ಉದಾಹರಣೆಗೆ ಬ್ರಿಟನ್ನಿನ ಚೈಲ್ಡ್‌ಲೈನ್ 1986ರಿಂದ ಇದೆ. ಬರೆದುಕೊಂಡರೆ ಸಾಲದು, ಒಮ್ಮೆ ಕರೆ ಮಾಡಿ ನೋಡಿ. ನಾವು ಮಾಡಿದಾಗ ಪಟ್ಟಿಯ ಆರು ಸಂಖ್ಯೆಗಳಲ್ಲಿ ಎರಡು ಸತ್ತಿದ್ದವು.

ಕಾನೂನಿನಲ್ಲಿ ಮೊದಲು ತಿಳಿಯಬೇಕಾದದ್ದು, ತಿಳಿಸುವುದು ನಿಮ್ಮಿಷ್ಟವೋ ಕಡ್ಡಾಯವೋ ಎಂಬುದು. ಇದು ದೇಶದಿಂದ ದೇಶಕ್ಕೆ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲೆಂದು ಇರುವ ಭಾರತದ ಪೋಕ್ಸೋ ಕಾಯ್ದೆ, 2012ರ 19ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲಾಗಬಹುದು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ. ಮಗು ಸುಳ್ಳು ಹೇಳಿತೆಂದೇ ಇಟ್ಟುಕೊಂಡರೂ ಮಗುವಿಗೆ ಶಿಕ್ಷೆ ಇಲ್ಲ. ನಾಲ್ಕೂ ವಾಕ್ಯವನ್ನು ಕಾಗದದ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆಯಿರಿ. "ನಮಗ್ಯಾಕೆ ಊರ ಉಸಾಬರಿ" ಎನ್ನುವವರಿಗೆ ತೋರಿಸಲು ಬೇಕಾಗುತ್ತದೆ.

ಹಂತ 5: ಮಗು ಹೇಳಿದಾಗ

ಉಳಿದ ಹಂತಗಳಲ್ಲಿ ತಪ್ಪಿದರೆ ಸರಿಪಡಿಸಿಕೊಳ್ಳಬಹುದು. ಇಲ್ಲಿ ತಪ್ಪಿದರೆ ಮಗು ಮತ್ತೆ ಬಾಯಿ ತೆರೆಯುವುದೇ ಇಲ್ಲ.

ಮಕ್ಕಳು ನೇರವಾಗಿ ಹೇಳುವುದು ಅಪರೂಪ. "ಆಂಟಿ, ನಾನು ನಾಳೆಯಿಂದ ಟ್ಯೂಶನ್‌ಗೆ ಹೋಗಲ್ಲ." "ಯಾಕೆ ಪುಟ್ಟಾ?" "ಸುಮ್ನೆ." ಇಲ್ಲಿಗೆ ಬಿಟ್ಟುಬಿಡುತ್ತೇವೆ, ಇಲ್ಲವೇ "ಸರ್ ಏನಾದ್ರೂ ಮಾಡಿದ್ರಾ? ಮುಟ್ಟಿದ್ರಾ?" ಎಂದು ಒತ್ತುತ್ತೇವೆ. ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಹಾಕಿದಿರಿ. ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಹಿಡಿಯುವುದು ಅದನ್ನೇ. "ಹೋಗಬೇಕು ಅನ್ನಿಸ್ತಿಲ್ವಾ? ಹೇಳು, ಕೇಳ್ತೀನಿ" ಎಂದು ಸುಮ್ಮನಿರಿ. ಮಗು ಶುರು ಮಾಡಿದರೆ ನಿಮ್ಮ ಬಳಿ ಇರಬೇಕಾದ ಪ್ರಶ್ನೆ ಒಂದೇ: "ಆಮೇಲೆ?" ಅದು ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ. ಯಾರು, ಈಗ ಮಗು ಸುರಕ್ಷಿತವೇ ಎಂದಿಷ್ಟು ತಿಳಿದರೆ ನಿಮಗೆ ಸಾಕು. ಮಿಕ್ಕದ್ದು ತರಬೇತಿ ಪಡೆದವರ ಕೆಲಸ.

ಮಗು ಮೊದಲೇ ಕೇಳುತ್ತದೆ, "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ." ಮಾಡಬೇಡಿ. ಆ ಪ್ರಾಮಿಸ್ ಮುರಿಯಲೇಬೇಕಾಗುತ್ತದೆ, ಮುರಿದ ದಿನ ನೀವೂ ನಂಬಿಕೆ ಕೆಡಿಸಿದವರ ಸಾಲಿಗೆ ಸೇರುತ್ತೀರಿ. "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ. ಯಾರಿಗೆ ಅಂತ ನಿನಗೆ ಮೊದಲೇ ಹೇಳ್ತೀನಿ" ಎನ್ನಬಹುದು. ಬಾಯಿಪಾಠ ಮಾಡಬೇಕಾದ ಮಾತು ಇನ್ನು ಮೂರಿವೆ: ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಲ್ಲ. ನಾನು ನಂಬ್ತೀನಿ. ಗಾಬರಿ ಮುಖದಲ್ಲಿ ಕಾಣಬಾರದು. ನೀವು ಅತ್ತರೆ ನಿಮ್ಮನ್ನು ಸಮಾಧಾನ ಮಾಡಲು ಮಗುವೇ ಮಾತು ನಿಲ್ಲಿಸುತ್ತದೆ.

ಮಗು ಹೋದ ಕೂಡಲೇ ಬರೆಯಿರಿ: ದಿನ, ಹೊತ್ತು, ಜಾಗ, ಮಗು ಬಳಸಿದ ಅದೇ ಪದಗಳು. ಮಗು "ಅಲ್ಲಿ" ಅಂದಿದ್ದರೆ "ಅಲ್ಲಿ" ಎಂದೇ ಬರೆಯಿರಿ, ವೈದ್ಯಕೀಯ ಪದ ಹಾಕಿ ತಿದ್ದಬೇಡಿ. ನಿಮ್ಮ ಊಹೆ ಬೇಡ.

ನಾವು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಒಬ್ಬ ಹುಡುಗ ನಮ್ಮ ಸದಸ್ಯೆಯೊಬ್ಬರ ಬಳಿ ಹೇಳಿಕೊಂಡ. ಅವರಿಗೆ ಧೈರ್ಯ ಸಾಲದೆ ಇನ್ನಿಬ್ಬರನ್ನು ಕರೆದು "ಇವರಿಗೂ ಹೇಳಪ್ಪ" ಎಂದರು. ಸಂಜೆ ಅವನ ದೊಡ್ಡಪ್ಪ ಬಂದರು, ಮತ್ತೆ ಹೇಳಿಸಿದರು. ನಾಲ್ಕನೇ ಸಲ ಹುಡುಗ ನೆಲ ನೋಡುತ್ತ "ಏನೂ ಆಗಿಲ್ಲ" ಎಂದ. ದೊಡ್ಡಪ್ಪ ನಮ್ಮ ಕಡೆ ತಿರುಗಿ "ನೋಡಿದ್ರಾ?" ಎಂದರು. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕ ಮಕ್ಕಳು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ರೋಲಂಡ್ ಸಮಿಟ್ ಎಂಬ ಮನೋವೈದ್ಯರು 1983ರಲ್ಲೇ ವಿವರಿಸಿದ್ದರು: ಗುಟ್ಟು, ಅಸಹಾಯಕತೆ, ಹೊಂದಿಕೊಳ್ಳುವುದು, ತಡವಾಗಿ ಹೇಳುವುದು, ಆಮೇಲೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದು. ಮಾತು ಹಿಂತೆಗೆದ ಮಾತ್ರಕ್ಕೆ ಮಗು ಸುಳ್ಳು ಹೇಳಿತ್ತು ಎಂದಲ್ಲ. ಮತ್ತೆ ಮತ್ತೆ ಹೇಳಿಸುವ ಹಿಂಸೆ ತಪ್ಪಿಸಲೆಂದೇ ಐಸ್‌ಲ್ಯಾಂಡ್ 1998ರಲ್ಲಿ ಬಾರ್ನಾಹುಸ್, ಅಂದರೆ ಮಕ್ಕಳ ಮನೆ, ತೆರೆಯಿತು. ಪೊಲೀಸ್, ವೈದ್ಯರು, ಸಮಾಲೋಚಕರು ಎಲ್ಲರೂ ಮಗು ಇರುವಲ್ಲಿಗೇ ಬರುತ್ತಾರೆ. ನಿಮ್ಮಲ್ಲಿ ಅಂಥ ಮನೆ ಇಲ್ಲದಿದ್ದರೂ ಒಬ್ಬರೇ ಕೇಳುವುದು, ಒಮ್ಮೆ ಮಾತ್ರ ಕೇಳುವುದು ನಿಮ್ಮ ಕೈಯಲ್ಲೇ ಇದೆ.

ಘಟನೆ ಈಚಿನದಾದರೆ ಗಡಿಯಾರ ನೋಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ. ಭಾರತದಲ್ಲಿ ತುರ್ತು ಚಿಕಿತ್ಸೆಗೆ ಮೊದಲು ಪೊಲೀಸ್ ಕಾಗದ ತನ್ನಿ ಎಂದು ಆಸ್ಪತ್ರೆ ಕೇಳುವಂತಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಸಮವಸ್ತ್ರ ಧರಿಸದ ಅಧಿಕಾರಿ, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ. "ಸರ್, ಪೋಕ್ಸೋ 24ನೇ ಸೆಕ್ಷನ್ ಹೀಗಿದೆಯಲ್ಲ" ಎಂದು ಮೆತ್ತಗೆ ಹೇಳಿದರೆ ಬಹಳ ಸಲ ಕೆಲಸ ಆಗುತ್ತದೆ.

ಹಂತ 6: ದೂರಿನ ಮಾರನೇ ದಿನದಿಂದ

ದೂರು ಕೊಡುವ ತನಕ ಎಲ್ಲರೂ ಜೊತೆಗಿರುತ್ತಾರೆ. ಒತ್ತಡ ಶುರುವಾಗುವುದು ಆಮೇಲೆ. "ಮಗುವಿನ ಭವಿಷ್ಯ ನೋಡಿ", "ಮನೆತನದ ಮರ್ಯಾದೆ", "ಅವರು ಕ್ಷಮೆ ಕೇಳ್ತಾರಂತೆ, ಕೂತು ಮಾತಾಡೋಣ". ಹೀಗೆ ಕೂತು ಮಾತಾಡಲು ಗುಂಪನ್ನೇ ಕರೆಯುತ್ತಾರೆ. ಹೋಗಬೇಡಿ. "ಇದು ನಮ್ಮ ಕೈಯಲ್ಲಿಲ್ಲ, ಕಾನೂನಿನ ಕೈಯಲ್ಲಿದೆ" ಎನ್ನುವ ಒಂದೇ ಮಾತನ್ನು ಎಲ್ಲ ಸದಸ್ಯರೂ ಅಭ್ಯಾಸ ಮಾಡಿಟ್ಟುಕೊಳ್ಳಿ.

ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಯಾವುದೂ ವಾಟ್ಸಾಪ್ ಗುಂಪಿಗೆ ಹೋಗಬಾರದು. "ನ್ಯಾಯ ಸಿಗಲಿ" ಎಂದು ಬರೆದು ಹಾಕಿದರೂ ಗುರುತು ಬಯಲಾದರೆ ಅಪರಾಧವೇ. ಆನ್‌ಲೈನ್ ಬೆದರಿಕೆಯ ಪ್ರಕರಣವಾದರೆ ಚಾಟ್ ಅಳಿಸಬೇಡಿ, ದುಡ್ಡು ಕೊಡಬೇಡಿ. ಮಗುವಿನ ನಗ್ನ ಚಿತ್ರಗಳನ್ನು ಸಾಕ್ಷಿಗೆಂದು ನಿಮ್ಮ ಫೋನಿಗೆ ಕಳಿಸಿಕೊಳ್ಳಲೂಬೇಡಿ. ಫೋನು ಇದ್ದಂತೆಯೇ ಪೊಲೀಸರಿಗೆ ಸೇರಲಿ.

ಉಳಿದದ್ದು ಸಪ್ಪೆ ಕೆಲಸ, ಆದರೆ ನಿಜವಾದ ಕೆಲಸ. ತಾಯಿ ಕೋರ್ಟಿಗೆ ಹೋದ ದಿನ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಒಂದು ದಿನದ ಕೂಲಿ ಹೋದರೆ ಏನು ಗತಿ? ಶಾಲೆಯಲ್ಲಿ ಮಗು ಯಾರ ಪಕ್ಕ ಕೂರುತ್ತದೆ? ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಬ್ಬರಂತೆ ಪಾಳಿ ಬರೆಯಿರಿ. ಪೋಕ್ಸೋ ಪ್ರಕರಣದಲ್ಲಿ ಮಕ್ಕಳ ಕಲ್ಯಾಣ ಸಮಿತಿಯಿಂದ ಬೆಂಬಲ ವ್ಯಕ್ತಿಯನ್ನು, ಅಂದರೆ ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿಗೆ ನೆರವಾಗುವವರನ್ನು, ಪಡೆಯಬಹುದು ಎಂಬುದನ್ನು ಮನೆಯವರಿಗೆ ತಿಳಿಸಿ. ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ, "ಸಾಧ್ಯವಾದಷ್ಟೂ" ಎಂಬ ಮಾತನ್ನೂ ಸೇರಿಸುತ್ತದೆ. ಪಾಳಿಯನ್ನು ಆ ಎರಡನೇ ಮಾತಿಗೆ ತಕ್ಕಂತೆ ಹಾಕಿಕೊಳ್ಳಿ.

ಹಂತ 7: ದೂರಿಲ್ಲದ ದಿನಗಳಲ್ಲಿ

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಮಾಡಿಸಿ, ಆದರೆ ಅದರ ಮೇಲೇ ಭಾರ ಹಾಕಬೇಡಿ. "ಬೇಡ" ಎನ್ನುವ ಹೊಣೆಯನ್ನು ಎಂಟು ವರ್ಷದ ಮಗುವಿನ ಹೆಗಲಿಗೆ ಹಾಕಿ ದೊಡ್ಡವರು ಕೈತೊಳೆದುಕೊಂಡ ಹಾಗಾಗುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹಾಜರಿ ಪುಸ್ತಕ. ಹೇಳದೆಕೇಳದೆ ಮೂರು ದಿನ ಗೈರಾದ ಮಗುವಿನ ಮನೆಗೆ ನಾಲ್ಕನೇ ದಿನ ಒಬ್ಬರು ಹೋಗಿ ಬಾಗಿಲು ತಟ್ಟಬೇಕು, ಅಷ್ಟೇ. ಬಾಲ್ಯವಿವಾಹದ ತಯಾರಿ, ಕೆಲಸಕ್ಕೆ ಕಳಿಸಿದ್ದು, ಮನೆಯಲ್ಲಿನ ಹೊಡೆತ ಎಲ್ಲವೂ ಮೊದಲು ಕಾಣುವುದು ಆ ಪುಸ್ತಕದ ಖಾಲಿ ಚೌಕಗಳಲ್ಲಿ.

ವರ್ಷದ ಕೊನೆಗೆ ದೂರುಗಳು ಹೆಚ್ಚಾಗಿದ್ದರೆ ಕಂಗಾಲಾಗಬೇಡಿ, ಮೊದಲು ಹೇಳದವರು ಈಗ ಹೇಳುತ್ತಿರಬಹುದು. ಆರು ತಿಂಗಳಿಗೊಮ್ಮೆ ಅದೇ ಮಕ್ಕಳಿಂದ ಅದೇ ನಕ್ಷೆ ಮತ್ತೆ ಬರೆಸಿ, ಎರಡನ್ನೂ ಪಕ್ಕಪಕ್ಕ ಇಡಿ. ನಾವು ಎರಡನೇ ಸಲ ಬರೆಸಿದಾಗ ಮೆಟ್ಟಿಲ ತಿರುವಿನಲ್ಲಿ ಒಂದೇ ಕೆಂಪು ಬಿಂದಿ ಉಳಿದಿತ್ತು. ಹೊಸದೊಂದು ಬಿದ್ದಿತ್ತು, ನಮ್ಮ ಗುಂಪು ಸಭೆ ಸೇರುವ ಕೋಣೆಯ ಮೇಲೆ. ಕಾರಣವನ್ನು ಮಕ್ಕಳೇ ಪಕ್ಕದಲ್ಲಿ ಬರೆದಿದ್ದರು: "ಬಾಗಿಲು ಯಾವಾಗಲೂ ಹಾಕಿರುತ್ತೆ." ಈಗ ಸಭೆ ಜಗುಲಿಯ ಮೇಲೆ ನಡೆಯುತ್ತದೆ, ಗೋಪ್ಯದ ಮಾತಿಗೆ ಬೇರೆ ಹೊತ್ತು ಗೊತ್ತುಮಾಡಿಕೊಂಡಿದ್ದೇವೆ.